ಗೇಟ್‌ಮೌತ್ ಬ್ರೌನ್ ಯಾವ ಸಂಗೀತದವರು?

ಪ್ರಶ್ನೆ: ಒಳ್ಳೆಯ ಬ್ಲೂಸ್ ಗಿಟಾರ್ ವಾದಕರೆಂದು ಸ್ನೇಹಿತರೊಬ್ಬರು ಹೇಳಿದ್ದರಿಂದ ಕ್ಲಾರೆನ್ಸ್ ‘ಗೇಟ್‌ಮೌತ್’ ಬ್ರೌನ್ ಅವರ ಕೆಲವು ಧ್ವನಿಮುದ್ರಣಗಳನ್ನು ಕೇಳಿದೆ. ಒಂದರಲ್ಲಿ ಗಿಟಾರ್ ಇತ್ತು, ಇನ್ನೊಂದರಲ್ಲಿ ಪಿಟೀಲು ಇತ್ತು, ಮತ್ತೊಂದು ಹಳ್ಳಿಯ ಕುಣಿತದ ಹಾಡಿನಂತಿತ್ತು. ಅದನ್ನು ಕೇಜನ್ ಎಂದು ಕರೆದಿದ್ದರು. ಇವರು ನಿಜಕ್ಕೂ ಯಾವ ಸಂಗೀತದವರು? ಯಾರಿಂದ ಕಲಿತರು? ಎಲ್ಲಿಂದ ಕೇಳಲು ಶುರು ಮಾಡಬೇಕು?

ಉತ್ತರ: ನಿಮ್ಮ ಮೊದಲ ಪ್ರಶ್ನೆಯನ್ನು ಬ್ರೌನ್ ಅವರ ಎದುರಿಗೇ ಕೇಳಿದ್ದರೆ ಖಾರವಾದ ಉತ್ತರವೇ ಸಿಗುತ್ತಿತ್ತು. ತಮ್ಮನ್ನು ಬರಿಯ ಬ್ಲೂಸ್ (ಅಮೆರಿಕದ ಕರಿಯರಲ್ಲಿ ಹುಟ್ಟಿದ ಹಾಡಿನ ಬಗೆ) ವಾದಕನೆಂದು ಪರಿಚಯಿಸಿದವರ ಮೇಲೆ ಅವರು ಸಿಡುಕುತ್ತಿದ್ದರು. ತಾವು ನುಡಿಸುವುದು ‘ಟೆಕ್ಸಾಸ್ ಶೈಲಿಯ ಅಮೆರಿಕನ್ ಸಂಗೀತ’ ಎಂಬುದು ಅವರ ನಿಲುವಾಗಿತ್ತು. 1999ರ ಒಂದು ಆಲ್ಬಮ್ಮಿಗೆ ಅದೇ ಹೆಸರನ್ನು ಇಟ್ಟರು ಕೂಡ. ಇದನ್ನು ಜಂಭವೆಂದು ತಳ್ಳಿಹಾಕಬಹುದು, ಅವರಲ್ಲಿ ಜಂಭವೇನೂ ಕಡಿಮೆ ಇರಲಿಲ್ಲ. ಆದರೆ ಅವರ ಬದುಕನ್ನು ಮೊದಲಿನಿಂದ ನೋಡುತ್ತಾ ಬಂದರೆ ಆ ಮಾತಿನಲ್ಲಿ ಹುರುಳಿದೆ ಎನ್ನಿಸುತ್ತದೆ. ಬ್ಲೂಸ್ ಕಲಿತ ಮೇಲೆ ಕೇಜನ್, ಕೇಜನ್ ಆದ ಮೇಲೆ ಕಂಟ್ರಿ ಎಂಬ ಬಿಳಿಯರ ಹಳ್ಳಿಗಾಡಿನ ಸಂಗೀತ, ಆಮೇಲೆ ಜಾಝ್ ಎಂದು ಅವರು ಒಂದೊಂದನ್ನೇ ಕೂಡಿಹಾಕಿಕೊಂಡವರಲ್ಲ. ಇವುಗಳಲ್ಲಿ ಹೆಚ್ಚಿನವು ಅವರು ಹುಟ್ಟಿ ಬೆಳೆದ ಮನೆಯಲ್ಲಿ ಒಟ್ಟಿಗೇ ಇದ್ದವು. ಬೇರೆ ಬೇರೆ ಹೆಸರಿನ ಚೀಟಿ ಅಂಟಿಸಿದ್ದು ಧ್ವನಿಮುದ್ರಿಕೆ ಮಾರುವವರು.

ಆ ಮನೆ ಇದ್ದ ಜಾಗವನ್ನು ಮೊದಲು ನೋಡಬೇಕು. ಬ್ರೌನ್ ಹುಟ್ಟಿದ್ದು 1924ರ ಏಪ್ರಿಲ್ 18ರಂದು, ಲೂಸಿಯಾನಾ ರಾಜ್ಯದ ನೈಋತ್ಯ ಮೂಲೆಯಲ್ಲಿರುವ ವಿಂಟನ್ ಎಂಬ ಸಣ್ಣ ಊರಿನಲ್ಲಿ. ಅವರು ಹಸುಗೂಸಾಗಿದ್ದಾಗಲೇ ಕುಟುಂಬ ಸಬೀನ್ ನದಿಯನ್ನು ದಾಟಿ ಟೆಕ್ಸಾಸಿನ ಆರೆಂಜ್ ಎಂಬ ಊರಿಗೆ ಬಂದು ನೆಲೆಸಿತು. ಸಬೀನ್ ನದಿ ಎರಡು ರಾಜ್ಯಗಳ ಗಡಿ. ನಕಾಶೆಯಲ್ಲಿ ಅದು ಗೆರೆ, ಅಲ್ಲಿ ಬದುಕುವವರಿಗೆ ಒಂದು ಸೇತುವೆಯ ದೂರ. ಆರೆಂಜ್, ಬೋಮಾಂಟ್, ಪೋರ್ಟ್ ಆರ್ಥರ್ ಊರುಗಳ ಸುತ್ತಮುತ್ತ ಎಣ್ಣೆ ಬಾವಿ, ಸಂಸ್ಕರಣಾ ಘಟಕ, ಹಡಗುಕಟ್ಟೆಗಳಿಗಾಗಿ ಪೂರ್ವದಿಂದ ಫ್ರೆಂಚ್ ಮಾತನಾಡುವವರು ಬರುತ್ತಿದ್ದರು, ಪಶ್ಚಿಮದಿಂದ ದನಗಾಹಿಗಳ ನಾಡಿನ ಹಾಡುಗಳು ಬರುತ್ತಿದ್ದವು, ಹತ್ತಿಯ ಹೊಲಗಳಿಂದ ಬ್ಲೂಸ್ ಬರುತ್ತಿತ್ತು. ಶಾಲೆ, ಚರ್ಚು, ರೈಲು ಡಬ್ಬಿಗಳಲ್ಲಿ ಕರಿಯರನ್ನೂ ಬಿಳಿಯರನ್ನೂ ಕಾನೂನೇ ಬೇರೆ ಮಾಡಿಟ್ಟಿದ್ದ ಕಾಲ ಅದು. ಹಾಡುಗಳಿಗೆ ಮಾತ್ರ ಆ ಕಾನೂನು ಅನ್ವಯಿಸುತ್ತಿರಲಿಲ್ಲ.

ಎರಡನೆಯ ಪ್ರಶ್ನೆಗೆ, ಅಂದರೆ ಯಾರಿಂದ ಕಲಿತರು ಎಂಬುದಕ್ಕೆ, ಒಂದೇ ಹೆಸರು ಹೇಳಬೇಕೆಂದರೆ ಅವರ ತಂದೆಯ ಹೆಸರನ್ನೇ ಹೇಳಬೇಕು. ಅವರ ಹೆಸರೂ ಕ್ಲಾರೆನ್ಸ್ ಬ್ರೌನ್. ವಾರವೆಲ್ಲ ರೈಲ್ವೆಯಲ್ಲಿ ದುಡಿದು, ವಾರದ ಕೊನೆಗೆ ಅವರಿವರ ಮನೆಗಳಲ್ಲಿ ನಡೆಯುತ್ತಿದ್ದ ಕೂಟಗಳಲ್ಲಿ ಪಿಟೀಲು, ಬ್ಯಾಂಜೋ, ಅಕಾರ್ಡಿಯನ್ ನುಡಿಸುತ್ತಿದ್ದ ಮನುಷ್ಯ. ಜನ ಕುಣಿಯುವುದಕ್ಕೆ ಏನು ಬೇಕೋ ಅದನ್ನು ಅವರು ನುಡಿಸುತ್ತಿದ್ದರು: ಕೇಜನ್ ವಾಲ್ಟ್ಜ್ (ಮೂರೆಣಿಕೆಯ ಕುಣಿತ), ಕಂಟ್ರಿ. ಮಗ ಐದನೆಯ ವಯಸ್ಸಿಗೆ ತಂದೆಯ ಪಿಟೀಲಿಗೆ ಗಿಟಾರಿನಲ್ಲಿ ಜೊತೆ ಕೊಡಲು ಕಲಿತ, ಹತ್ತಕ್ಕೆ ಪಿಟೀಲನ್ನೇ ಎತ್ತಿಕೊಂಡ. ಮುಂದೆ ಎಷ್ಟೋ ದೊಡ್ಡ ವೇದಿಕೆಗಳನ್ನು ಹತ್ತಿದ ಮೇಲೂ ತಮ್ಮ ಗಿಟಾರ್ ತಂದೆಯ ಪಿಟೀಲಿನಂತೆ ಕೇಳಿಸಿದರೆ ಅದು ಸರಿಯಾಗಿದೆ ಎಂದು ತಿಳಿಯುತ್ತೇನೆ ಎಂಬ ಅರ್ಥದ ಮಾತನ್ನು ಬ್ರೌನ್ ಆಡಿದ್ದುಂಟು. ಅವರ ಗಿಟಾರ್ ವಾದನಕ್ಕೆ ನನ್ನ ಮಟ್ಟಿಗೆ ಇದೇ ಬೀಗದ ಕೈ.

ಕೇಜನ್ ಎಂದರೇನು ಎಂದು ನೀವು ಕೇಳಿಲ್ಲವಾದರೂ, ಅದನ್ನು ಹೇಳದೆ ಮುಂದೆ ಹೋದರೆ ಉತ್ತರ ಅರ್ಧವಾಗುತ್ತದೆ. ಹದಿನೇಳನೆಯ ಶತಮಾನದಲ್ಲಿ ಫ್ರಾನ್ಸಿನಿಂದ ಹೋಗಿ ಈಗಿನ ಕೆನಡಾದ ನೋವಾ ಸ್ಕೋಷಿಯಾ ಸುತ್ತಮುತ್ತ ನೆಲೆಸಿದ್ದ ರೈತರನ್ನು ಅಕೇಡಿಯನ್ನರು ಎನ್ನುತ್ತಿದ್ದರು. 1755ರಿಂದ ಬ್ರಿಟಿಷರು ಅವರನ್ನು ಹಡಗುಗಳಲ್ಲಿ ತುಂಬಿ ಗಡೀಪಾರು ಮಾಡಿದರು. ಹೀಗೆ ಚದುರಿಹೋದವರಲ್ಲಿ ಕೆಲವರು 1765ರ ಹೊತ್ತಿಗೆ ಲೂಸಿಯಾನಾದ ಜೌಗು ನೆಲ, ಹುಲ್ಲುಗಾವಲುಗಳನ್ನು ಸೇರಿಕೊಂಡರು. ‘ಅಕೇಡಿಯನ್’ ಎಂಬ ಪದವೇ ನಾಲಗೆಯ ಮೇಲೆ ಸವೆದು ಸವೆದು ‘ಕೇಜನ್’ ಆಯಿತು. ಅವರು ತಮ್ಮೊಂದಿಗೆ ತಂದದ್ದು ಒಂದು ಬಗೆಯ ಫ್ರೆಂಚ್ ಮಾತು ಮತ್ತು ಹಳೆಯ ಹಾಡುಗಳು. ಶನಿವಾರದ ರಾತ್ರಿ ಯಾರದೋ ಮನೆಯ ಸಾಮಾನುಗಳನ್ನು ಬದಿಗೆ ಸರಿಸಿ ಕುಣಿತ ನಡೆಯುತ್ತಿತ್ತು. ಮಕ್ಕಳನ್ನು ಒಳಗಿನ ಕೋಣೆಯಲ್ಲಿ ಮಲಗಿಸಿ ದೊಡ್ಡವರು ಕುಣಿಯಲು ಹೊರಡುತ್ತಿದ್ದುದರಿಂದ ಆ ಕೂಟಕ್ಕೇ ‘ಫೇ ದೋ ದೋ’, ಅಂದರೆ ‘ಜೋ ಜೋ, ಮಲಗು’ ಎಂಬ ಹೆಸರು ಬಂತೆಂದು ಹೇಳುತ್ತಾರೆ. ಮೊದಲಿಗೆ ಅಲ್ಲಿ ಇದ್ದದ್ದು ಪಿಟೀಲುಗಳೇ, ಬಹುಮಟ್ಟಿಗೆ ಎರಡು: ಒಂದು ರಾಗ ಹಿಡಿದರೆ ಇನ್ನೊಂದು ಕೆಳಗಿನ ಸ್ಥಾಯಿಯಲ್ಲಿ ಲಯವನ್ನು ಎಳೆಯುತ್ತಿತ್ತು. ತಾಳಕ್ಕೆ ತ್ರಿಕೋನಾಕಾರದ ಒಂದು ಕಬ್ಬಿಣದ ವಾದ್ಯ. ಅದನ್ನು ಹುಲ್ಲು ಗೋರುವ ಹಳೆಯ ಯಂತ್ರದ ಹಲ್ಲನ್ನೇ ಕಾಯಿಸಿ ಬಗ್ಗಿಸಿ ಮಾಡಿಕೊಳ್ಳುತ್ತಿದ್ದರು.

ಅಕಾರ್ಡಿಯನ್ ಬಂದದ್ದು ಆಮೇಲೆ, ಹತ್ತೊಂಬತ್ತನೆಯ ಶತಮಾನದ ಕೊನೆಯ ಭಾಗದಲ್ಲಿ, ಜರ್ಮನಿಯ ಕಾರ್ಖಾನೆಗಳಿಂದ. ನಮ್ಮ ಭಜನಾ ಮಂದಿರದ ಹಾರ್ಮೋನಿಯಮ್ಮಿಗೆ ಅದು ದೂರದ ನೆಂಟ, ಏಕೆಂದರೆ ಎರಡರಲ್ಲೂ ಗಾಳಿ ಹಾಯ್ದಾಗ ಅದುರುವ ಲೋಹದ ನಾಲಗೆಯೇ ಧ್ವನಿಯ ಮೂಲ. ಆದರೆ ಹಾರ್ಮೋನಿಯಮ್ಮಿನಲ್ಲಿ ಒಂದು ಮನೆಗೆ ಒಂದೇ ಸ್ವರವಾದರೆ, ಕೇಜನ್ ಅಕಾರ್ಡಿಯನ್ನಿನ ಹತ್ತು ಗುಂಡಿಗಳಲ್ಲಿ ಪ್ರತಿಯೊಂದೂ ತಿದಿಯನ್ನು ಒತ್ತಿದಾಗ ಒಂದು ಸ್ವರವನ್ನೂ ಎಳೆದಾಗ ಬೇರೊಂದನ್ನೂ ಕೊಡುತ್ತದೆ. ಹಾಗಾಗಿ ರಾಗ ನುಡಿಸಬೇಕಾದರೆ ತಿದಿಯನ್ನು ಹಿಂದೆ ಮುಂದೆ ಜಗ್ಗುತ್ತಲೇ ಇರಬೇಕು, ಆ ಜಗ್ಗಾಟವೇ ಕುಣಿತದ ಲಯವಾಗುತ್ತದೆ. ಒಂದೇ ಶ್ರುತಿಗೆ ಕಟ್ಟಿದ ಈ ಪೆಟ್ಟಿಗೆ ಶ್ರುತಿ ಬದಲಿಸಲಾರದು. ಪಿಟೀಲಿನವರೇ ತಮ್ಮ ತಂತಿಗಳನ್ನು ಒಂದು ಸ್ವರ ಕೆಳಗಿಳಿಸಿ ಅದಕ್ಕೆ ಹೊಂದಿಕೊಳ್ಳುತ್ತಿದ್ದರು. ಜೋ ಫಾಲ್ಕನ್ ಮತ್ತು ಕ್ಲಿಯೋಮಾ ಬ್ರೋ 1928ರಲ್ಲಿ ಮೊದಲ ಕೇಜನ್ ಧ್ವನಿಮುದ್ರಿಕೆ ಮಾಡಿದಾಗ ಇದ್ದದ್ದು ಅಕಾರ್ಡಿಯನ್ ಮತ್ತು ಗಿಟಾರ್. ಮರುವರ್ಷವೇ ಆಮೆದೆ ಆರ್ಡ್ವಾನ್ ಎಂಬ ಕರಿಯ ಕ್ರಿಯೋಲ್ (ಲೂಸಿಯಾನಾದ ಫ್ರೆಂಚ್ ಮಾತಿನ ಕರಿಯ) ಅಕಾರ್ಡಿಯನ್ ವಾದಕ, ಡೆನ್ನಿಸ್ ಮೆಗೀ ಎಂಬ ಬಿಳಿಯ ಪಿಟೀಲು ವಾದಕನ ಜೊತೆ ಕುಳಿತು ಧ್ವನಿಮುದ್ರಣ ಮಾಡಿದ. ಕೇಜನ್ ಸಂಗೀತದ ಬುಡದಲ್ಲೇ ಈ ಬೆರಕೆ ಇತ್ತೆಂಬುದಕ್ಕೆ ಬೇರೆ ಸಾಕ್ಷಿ ಬೇಡ.

ಬ್ರೌನ್ ಬಾಲಕರಾಗಿದ್ದ 1930ರ ದಶಕದಲ್ಲಿ ಗಾಳಿ ಮತ್ತೆ ತಿರುಗಿತು. ಎಣ್ಣೆ ಉದ್ಯಮ ಇಂಗ್ಲಿಷನ್ನು ತಂದಿತು, 1921ರ ಲೂಸಿಯಾನಾ ಸಂವಿಧಾನ ಶಾಲೆಗಳಲ್ಲಿ ಇಂಗ್ಲಿಷನ್ನು ಕಡ್ಡಾಯ ಮಾಡಿದ್ದರಿಂದ ಫ್ರೆಂಚ್ ಆಡಿದ ಮಕ್ಕಳು ಶಿಕ್ಷೆ ಉಣ್ಣುತ್ತಿದ್ದರು, ರೇಡಿಯೋದಲ್ಲಿ ಟೆಕ್ಸಾಸಿನ ಸ್ವಿಂಗ್ ತಂಡಗಳು, ಅಂದರೆ ಕಂಟ್ರಿಗೆ ಜಾಝ್ ಬೆರೆಸಿದ ಕುಣಿತದ ತಂಡಗಳು, ತುಂಬಿಕೊಂಡವು. ಅಕಾರ್ಡಿಯನ್ ಹಳ್ಳಿಗಮಾರರ ವಾದ್ಯವೆನಿಸಿ ಮೂಲೆ ಸೇರಿ, ಪಿಟೀಲು ಗಿಟಾರುಗಳ ತಂತಿ ತಂಡಗಳು ಮೇಲೆ ಬಂದವು. ಪೋರ್ಟ್ ಆರ್ಥರಿನಲ್ಲಿ, ಅಂದರೆ ಆರೆಂಜಿನ ಪಕ್ಕದಲ್ಲೇ ಬೆಳೆದ ಹ್ಯಾರಿ ಚೋಟ್ಸ್ 1946ರಲ್ಲಿ ‘ಜೋಲೇ ಬ್ಲೋನ್’ ಎಂಬ ಹಳೆಯ ಕೇಜನ್ ವಾಲ್ಟ್ಜನ್ನು ಪಿಟೀಲಿನಲ್ಲಿ ನುಡಿಸಿ ದೇಶಕ್ಕೆಲ್ಲ ಕೇಳಿಸಿದ್ದು ಇದೇ ಅಲೆಯಲ್ಲಿ. ಬ್ರೌನ್ ಅವರ ಕಿವಿಗೆ ಬಿದ್ದ ಕೇಜನ್ ಎಂದರೆ ಮುಖ್ಯವಾಗಿ ಪಿಟೀಲಿನ ಕೇಜನ್, ಅದೂ ಆಗಲೇ ಟೆಕ್ಸಾಸಿನ ಸ್ವಿಂಗಿನೊಂದಿಗೆ ಬೆರೆತು ಹೋಗಿದ್ದ ಕೇಜನ್. ಇಲ್ಲೊಂದು ತಿದ್ದುಪಡಿ ಅಗತ್ಯ: ಬ್ರೌನ್ ಕೇಜನ್ನರಲ್ಲ. ಅವರು ಆಫ್ರಿಕನ್ ಅಮೆರಿಕನ್ ಕುಟುಂಬದವರು. ಕೇಜನ್ ಸಂಗೀತವನ್ನು ನೆರೆಹೊರೆಯವರ ಸಂಗೀತವಾಗಿ, ತಂದೆಯ ಸಂಗೀತವಾಗಿ ಪಡೆದವರು. ‘ಕೇಜನ್ ಸಂಗೀತಗಾರ’ ಎಂದು ಅವರನ್ನು ಕರೆಯುವ ಬರಹಗಳು ಈ ವ್ಯತ್ಯಾಸವನ್ನು ನುಂಗಿಬಿಡುತ್ತವೆ.

‘ಗೇಟ್‌ಮೌತ್’ ಎಂಬ ಅಡ್ಡಹೆಸರು ಬಂದದ್ದು ಶಾಲೆಯಲ್ಲಿ. ಹುಡುಗನ ದನಿ ದೊಡ್ಡ ಬಾಗಿಲು ತೆರೆದಂತಿದೆ ಎಂದು ಮೇಷ್ಟರೊಬ್ಬರು ಅಂದರಂತೆ. ಅವರ ಸಹೋದರ ಜೇಮ್ಸ್ ಕೂಡ ಸಂಗೀತಗಾರರಾಗಿ ‘ವೈಡ್‌ಮೌತ್’ ಎಂಬ ಹೆಸರಿನಲ್ಲಿ ಹಾಡಿದರು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಕೆಲಕಾಲ ಸೇನೆಯಲ್ಲಿದ್ದು ಬಂದ ಬ್ರೌನ್ ವೃತ್ತಿಯನ್ನು ಶುರು ಮಾಡಿದ್ದು ಗಿಟಾರಿನಿಂದಲೂ ಅಲ್ಲ, ಪಿಟೀಲಿನಿಂದಲೂ ಅಲ್ಲ, ಡ್ರಮ್ಮಿನಿಂದ. ಸ್ಯಾನ್ ಆಂಟೋನಿಯೋ ನಗರದ ತಂಡಗಳಲ್ಲಿ ಅವರು ‘ಹಾಡುವ ಡ್ರಮ್ಮರ್’ ಎಂದು ಹೆಸರಾಗಿದ್ದರು.

ಅವರ ಬದುಕು ತಿರುಗಿದ್ದು 1947ರಲ್ಲಿ, ಹ್ಯೂಸ್ಟನ್ನಿನ ಬ್ರಾಂಜ್ ಪೀಕಾಕ್ ಎಂಬ ನೈಟ್ ಕ್ಲಬ್ಬಿನಲ್ಲಿ. ಅದರ ಒಡೆಯ ಡಾನ್ ರೋಬಿ, ಕರಿಯ ಸಮುದಾಯದ ಹುರಿಯಾಳು ವ್ಯಾಪಾರಿ. ಆ ರಾತ್ರಿ ವೇದಿಕೆಯಲ್ಲಿ ಇದ್ದವರು ವಿದ್ಯುತ್ ಗಿಟಾರಿಗೆ ಬ್ಲೂಸಿನಲ್ಲಿ ಸಿಂಹಾಸನ ಹಾಕಿಕೊಟ್ಟ ಟಿ-ಬೋನ್ ವಾಕರ್. ಹೊಟ್ಟೆಹುಣ್ಣಿನ ನೋವಿನಿಂದ ವಾಕರ್ ನುಡಿಸಲಾರದೆ ಗಿಟಾರನ್ನು ವೇದಿಕೆಯ ಮೇಲೆಯೇ ಬಿಟ್ಟು ಒಳಗೆ ಹೋದರು. ಸಭೆಯಲ್ಲಿ ಕುಳಿತಿದ್ದ ಬ್ರೌನ್ ಎದ್ದು ಹೋಗಿ, ಯಾರ ಅಪ್ಪಣೆಯನ್ನೂ ಕೇಳದೆ ಆ ಗಿಟಾರನ್ನೇ ಎತ್ತಿಕೊಂಡು, ಅಲ್ಲೇ ಕಟ್ಟಿದ ಒಂದು ಬೂಗಿಯನ್ನು, ಅಂದರೆ ಚುರುಕು ಲಯದ ಬ್ಲೂಸನ್ನು, ನುಡಿಸಿದರು. ಹದಿನೈದು ನಿಮಿಷದಲ್ಲಿ ಜನ ಎಸೆದ ಹಣ 600 ಡಾಲರ್ ಆಗಿತ್ತೆಂದು ಅವರು ಕೊನೆಯವರೆಗೂ ಹೇಳಿಕೊಂಡರು. ಇಂಥ ಕಥೆಗಳಲ್ಲಿ ಮೊತ್ತ ಹೇಳುಹೇಳುತ್ತಾ ಬೆಳೆಯುವುದುಂಟು, ಆದರೆ ಫಲಿತಾಂಶದಲ್ಲಿ ಅನುಮಾನವಿಲ್ಲ: ರೋಬಿ ಅವರನ್ನು ತಮ್ಮ ಕೈಕೆಳಗೆ ತೆಗೆದುಕೊಂಡರು, ಅದೇ ವರ್ಷ ಅಲ್ಲಾದೀನ್ ಎಂಬ ಕಂಪನಿಗೆ ಧ್ವನಿಮುದ್ರಣ ಮಾಡಿಸಿದರು, ಅದರ ವ್ಯವಹಾರ ತೃಪ್ತಿ ತರದಿದ್ದಾಗ 1949ರಲ್ಲಿ ತಮ್ಮದೇ ಪೀಕಾಕ್ ರೆಕಾರ್ಡ್ಸ್ ಕಂಪನಿಯನ್ನು ಹುಟ್ಟುಹಾಕಿದರು. ಮುಂದೆ ಬಿಗ್ ಮಾಮಾ ಥಾರ್ನ್‌ಟನ್ ಅವರ ‘ಹೌಂಡ್ ಡಾಗ್’ ಹಾಡನ್ನು ಹೊರತಂದ ಈ ಕಂಪನಿ ಮೊದಲಿಗೆ ಹುಟ್ಟಿದ್ದು ಬ್ರೌನ್ ಒಬ್ಬರ ಸಲುವಾಗಿ. ಅದೇ ವರ್ಷ ‘ಮೇರಿ ಈಸ್ ಫೈನ್’ ಮತ್ತು ‘ಮೈ ಟೈಮ್ ಈಸ್ ಎಕ್ಸ್‌ಪೆನ್ಸಿವ್’ ಹಾಡುಗಳು ಕರಿಯರ ಜನಪ್ರಿಯ ಹಾಡುಗಳ ‘ರಿದಮ್ ಅಂಡ್ ಬ್ಲೂಸ್’ ಪಟ್ಟಿಯ ಮೊದಲ ಹತ್ತರೊಳಗೆ ಬಂದವು.

ಇಲ್ಲಿ ಸ್ವಲ್ಪ ನಿಂತು ಅವರ ಕೈಯನ್ನು ನೋಡೋಣ. ಬ್ಲೂಸಿನ ಚೌಕಟ್ಟು ಸರಳ: ನಾಲ್ಕು ನಾಲ್ಕು ಆವರ್ತನದ ಮೂರು ಸಾಲು, ಮೊದಲ ಸಾಲನ್ನೇ ಎರಡನೆಯ ಸಲ ಹೇಳಿ, ಮೂರನೆಯದರಲ್ಲಿ ಅದಕ್ಕೆ ಉತ್ತರ ಕೊಡುವುದು. ಅದರ ಜೀವ ಇರುವುದು ಗಾಂಧಾರ ನಿಷಾದಗಳಲ್ಲಿ. ನಮ್ಮ ಮಾತಿನಲ್ಲಿ ಹೇಳುವುದಾದರೆ, ಬ್ಲೂಸಿನ ಗಾಂಧಾರ ಸಾಧಾರಣ ಗಾಂಧಾರಕ್ಕೂ ಅಂತರ ಗಾಂಧಾರಕ್ಕೂ ನಡುವೆ ಎಲ್ಲೋ ತೂಗುತ್ತಿರುತ್ತದೆ, ನಿಷಾದ ಕೈಶಿಕಿಯ ಕಡೆಗೆ ವಾಲಿರುತ್ತದೆ. ಹೆಚ್ಚಿನ ಗಿಟಾರ್ ವಾದಕರು ತಂತಿಯನ್ನು ಅಡ್ಡಕ್ಕೆ ಎಳೆದು, ನರಳಿಸಿ ಆ ಸ್ವರಗಳನ್ನು ತೆಗೆಯುತ್ತಾರೆ. ಬ್ರೌನ್ ಅವರಿಗೆ ಆ ನರಳಾಟ ಹಿಡಿಸುತ್ತಿರಲಿಲ್ಲ. ಅವರು ಸ್ವರಗಳನ್ನು ಚಿಕ್ಕದಾಗಿ, ಸ್ಪಷ್ಟವಾಗಿ, ಪಿಟೀಲಿನ ಕಮಾನು ಚುರುಕಾಗಿ ಅತ್ತಿತ್ತ ಆಡಿದಂತೆ ನುಡಿಸುತ್ತಿದ್ದರು. ಒಂದು ಮಾತು ಹೇಳಿ ಥಟ್ಟನೆ ನಿಲ್ಲಿಸಿ, ಆ ಖಾಲಿ ಜಾಗದಲ್ಲಿ ಸ್ಯಾಕ್ಸೋಫೋನು, ಟ್ರಂಪೆಟ್ಟುಗಳು ಬಂದು ಗುದ್ದಲು ಬಿಡುತ್ತಿದ್ದರು. ಮೀಟಲು ಪ್ಲಾಸ್ಟಿಕ್ಕಿನ ಬಿಲ್ಲೆಯಿಲ್ಲ, ಬರಿಬೆರಳು. ಉಗುರು, ಬೆರಳತುದಿಯ ಮಾಂಸ ಎರಡೂ ತಂತಿಗೆ ತಾಗುವುದರಿಂದ ಒಂದೇ ತಂತಿಯಲ್ಲಿ ಮೆದುವಾದ ನಾದವೂ ಚಾಟಿಯೇಟಿನಂಥ ನಾದವೂ ಬರುತ್ತದೆ.

ಇನ್ನೊಂದು ಉಪಾಯ ಕ್ಯಾಪೋ. ಇದು ಗಿಟಾರಿನ ಕುತ್ತಿಗೆಗೆ ಬಿಗಿಯುವ ಸಣ್ಣ ಹಿಡಿಕೆ. ಯಾವ ಮೆಟ್ಟಿಗೆ ಬಿಗಿದರೆ ಅಲ್ಲಿಗೆ ತಂತಿ ಕುಗ್ಗಿ ಶ್ರುತಿ ಏರುತ್ತದೆ. ಊದುವಾದ್ಯಗಳಿಗೆ ಅನುಕೂಲವಾದ ಶ್ರುತಿಗಳು ಗಿಟಾರಿನ ಬಿಡಿ ತಂತಿಗಳಿಗೆ ಒಗ್ಗುವುದಿಲ್ಲ. ದೊಡ್ಡ ಊದುವಾದ್ಯ ತಂಡದ ಮುಂದೆ ನಿಂತು ನುಡಿಸುವ ಗಿಟಾರ್ ವಾದಕ ಒಂದೋ ಬಿಡಿ ತಂತಿಯ ಸೊಗಸನ್ನು ಬಿಟ್ಟುಕೊಡಬೇಕು, ಇಲ್ಲವೇ ಕ್ಯಾಪೋ ಹಾಕಬೇಕು. ಜಾಝ್ ಕಡೆಯ ಗಿಟಾರ್ ವಾದಕರಲ್ಲಿ ಅನೇಕರಿಗೆ ಕ್ಯಾಪೋ ಎಂದರೆ ಕಲಿಯದವರ ಊರುಗೋಲು. ಬ್ರೌನ್ ಅದನ್ನು ನಾಚಿಕೆಯಿಲ್ಲದೆ ಬಳಸಿದರು. ಪಿಟೀಲಿನವನ ಮಗನಿಗೆ ಬಿಡಿ ತಂತಿ ಅದುರುವುದೇ ಸಂಗೀತ. ಅದನ್ನು ಬಿಟ್ಟುಕೊಡುವ ಪ್ರಶ್ನೆಯೇ ಇರಲಿಲ್ಲ ಎಂದು ನಾನು ತಿಳಿದಿದ್ದೇನೆ. 1954ರ ‘ಓಕಿ ಡೋಕಿ ಸ್ಟಾಂಪ್’ ಈ ಎಲ್ಲವೂ ಒಂದಾದ ಜಾಗ: ಹಾಡಿಲ್ಲ, ಮೂರು ನಿಮಿಷವೂ ಇಲ್ಲ, ಪ್ಲೂಮಾ ಡೇವಿಸ್ ಅವರ ವಾದ್ಯವೃಂದ ಹಿಂದಿನಿಂದ ನೂಕುತ್ತಿದ್ದರೆ ಗಿಟಾರ್ ಎಲ್ಲೂ ಉಸಿರು ತಪ್ಪದೆ ಅದರ ಮೇಲೆ ಓಡುತ್ತದೆ.

ತಂದೆಯ ನಂತರದ ಪ್ರಭಾವ ಯಾವುದೆಂದರೆ ಈ ಊದುವಾದ್ಯಗಳೇ. ಕೌಂಟ್ ಬೇಸಿ, ಡ್ಯೂಕ್ ಎಲಿಂಗ್ಟನ್, ಲೂಯಿ ಜೋರ್ಡನ್ ಅವರ ತಂಡಗಳನ್ನು ಕೇಳಿ ಬೆಳೆದ ಅವರು ಗಿಟಾರನ್ನು ಇನ್ನೊಂದು ಸ್ಯಾಕ್ಸೋಫೋನಿನಂತೆ ಯೋಚಿಸಿದರು. ಟಿ-ಬೋನ್ ವಾಕರ್ ಅವರ ಋಣವನ್ನು ಮಾತ್ರ ಅವರು ಒಪ್ಪಿಕೊಂಡದ್ದು ಕಡಿಮೆ. ಮೊದಲ ಮುದ್ರಣಗಳನ್ನು ಕೇಳಿದರೆ ಆ ಋಣ ನಿಚ್ಚಳವಾಗಿಯೇ ಕಾಣುತ್ತದೆ. ಈ ವಿಷಯದಲ್ಲಿ ನಾನು ಬ್ರೌನ್ ಅವರ ಮಾತಿಗಿಂತ ಅವರ ಗಿಟಾರನ್ನೇ ನಂಬುತ್ತೇನೆ. ಮಿಸಿಸಿಪ್ಪಿ ಕಡೆಯ ಬ್ಲೂಸಿನ ಬಗ್ಗೆ ಅವರಿಗೆ ಇದ್ದ ತಾತ್ಸಾರ ಇನ್ನೂ ಬಿರುಸಾದದ್ದು. ಸದಾ ಗೋಳು, ಸದಾ ಬಿಟ್ಟುಹೋದ ಹೆಂಗಸಿನ ಮೇಲಿನ ದೂರು ಎಂದು ಅದನ್ನು ಜರೆಯುತ್ತಿದ್ದರು. ಇದು ಅನ್ಯಾಯದ ಮಾತು. ಆದರೆ ಸಂಗೀತ ಜನರನ್ನು ಕುಣಿಸಬೇಕು, ಮನಸ್ಸನ್ನು ಎತ್ತಬೇಕು ಎಂದು ನಂಬಿದ್ದ ಮನೆಕೂಟದ ಪಿಟೀಲುಗಾರನ ಮಗ ಆಡಿದ ಮಾತೆಂದು ತಿಳಿದರೆ ಅದರ ಮೂಲ ಅರ್ಥವಾಗುತ್ತದೆ.

ಪೀಕಾಕ್ ಕಂಪನಿಯಲ್ಲಿದ್ದ ಹತ್ತು ಹನ್ನೆರಡು ವರ್ಷ ಅವರು ಬಹುಮಟ್ಟಿಗೆ ಗಿಟಾರಿನ ಮನುಷ್ಯನಾಗಿಯೇ ಇರಬೇಕಾಯಿತು, ಏಕೆಂದರೆ ಕರಿಯರ ಮಾರುಕಟ್ಟೆಗೆ ಪಿಟೀಲು ಹಿಡಿಸುವುದಿಲ್ಲವೆಂಬುದು ಆಗಿನ ವ್ಯಾಪಾರದ ಲೆಕ್ಕ. ಆ ಲೆಕ್ಕ ಮುರಿದದ್ದು 1959ರ ‘ಜಸ್ಟ್ ಬಿಫೋರ್ ಡಾನ್’ ಎಂಬ ನಿಧಾನಗತಿಯ ಬ್ಲೂಸಿನಲ್ಲಿ; ಅಲ್ಲಿ ಬ್ರೌನ್ ಪಿಟೀಲಿನಿಂದಲೇ ಬ್ಲೂಸ್ ಹೇಳಿಸಿದರು. ಅದು ಪೀಕಾಕ್ ಜೊತೆಗಿನ ಕೊನೆಯ ದಿನಗಳ ಮುದ್ರಣ. ಪಿಟೀಲಿಗೆ ಮೆಟ್ಟುಗಳಿಲ್ಲ, ಆದ್ದರಿಂದ ಆ ತೂಗುವ ಗಾಂಧಾರಕ್ಕೆ ತಂತಿ ಎಳೆಯುವ ಶ್ರಮವೇ ಬೇಡ, ಬೆರಳು ಜಾರಿದರೆ ಸಾಕು. ವಯೊಲಿನ್ ಕಛೇರಿ ಕೇಳಿ ಬೆಳೆದ ನಮ್ಮ ಕಿವಿಗೆ ಅವರ ಈ ಮುಖ ಬೇಗ ದಕ್ಕುತ್ತದೆ.

1960ರ ದಶಕ ಅವರಿಗೆ ಒಳ್ಳೆಯದಾಗಿರಲಿಲ್ಲ. ರಾಕ್ ಬಂತು, ಸೋಲ್ ಬಂತು, ಹಳೆಯ ಊದುವಾದ್ಯ ತಂಡಗಳನ್ನು ಸಾಕುವವರಿಲ್ಲವಾದರು. ನ್ಯಾಶ್‌ವಿಲ್‌ಗೆ ಹೋಗಿ ಕಂಟ್ರಿ ಹಾಡುಗಳನ್ನು ಮುದ್ರಿಸಿದರು, 1966ರಲ್ಲಿ ಡಲ್ಲಾಸಿನಲ್ಲಿ ಚಿತ್ರೀಕರಣವಾದ ‘ದ ಬೀಟ್’ ಎಂಬ ಟೀವಿ ಕಾರ್ಯಕ್ರಮದ ವಾದ್ಯತಂಡಕ್ಕೆ ಮುಂದಾಳಾಗಿದ್ದರು, ಕೊನೆಗೆ ಸಂಗೀತವನ್ನೇ ಬದಿಗಿಟ್ಟು ನ್ಯೂ ಮೆಕ್ಸಿಕೋದಲ್ಲಿ ಡೆಪ್ಯುಟಿ ಶೆರೀಫ್, ಅಂದರೆ ಕೌಂಟಿಯ ಪೊಲೀಸ್ ಅಧಿಕಾರಿಯಾಗಿ ಕೆಲಸ ಮಾಡಿದರು. ಆ ಮೇಲಿನ ಚಿತ್ರಗಳಲ್ಲಿ ಕಾಣುವ ಕೌಬಾಯ್ ಟೋಪಿ, ಬೂಟು, ಬಾಯಲ್ಲಿನ ಪೈಪು ಬರಿಯ ವೇದಿಕೆಯ ವೇಷವಲ್ಲ.

ಅವರನ್ನು ಮರಳಿ ಎಬ್ಬಿಸಿದ್ದು ಯುರೋಪ್. 1971ರಿಂದ ಅವರು ಅಲ್ಲಿಗೆ ಮತ್ತೆ ಮತ್ತೆ ಹೋದರು, ಫ್ರಾನ್ಸಿನ ಕಂಪನಿಗಳು ಅವರನ್ನು ಮುದ್ರಿಸಿಕೊಂಡವು, 1973ರಲ್ಲಿ ಸ್ವಿಟ್ಜರ್ಲೆಂಡಿನ ಮಾಂಟ್ರೋ ಜಾಝ್ ಉತ್ಸವದಲ್ಲಿ ನುಡಿಸಿದರು. ಅಲ್ಲಿನ ಕೇಳುಗರಿಗೆ ಬೇಕಾಗಿದ್ದದ್ದು ಅಪ್ಪಟ ಬ್ಲೂಸ್; ಬ್ರೌನ್ ಕೊಟ್ಟದ್ದು ಅದರ ಜೊತೆಗೆ ಎಲ್ಲವನ್ನೂ. ಫ್ರಾನ್ಸಿನ ಬಾರ್ಕ್ಲೇ ಕಂಪನಿಗಾಗಿ 1970ರ ದಶಕದ ನಡುವೆ ಮಾಡಿದ ‘ಡೌನ್ ಸೌತ್ ಇನ್ ಬಯೂ ಕಂಟ್ರಿ’ ಆಲ್ಬಮ್ಮಿನಲ್ಲಿ ನದಿಯಾಚೆಯ ಲೂಸಿಯಾನಾದ ರಾಗಗಳು ನೇರವಾಗಿ ಮುಂದಕ್ಕೆ ಬಂದವು. ನೀವು ಕೇಳಿದ ‘ಹಳ್ಳಿಯ ಕುಣಿತ’ ಬಹುಶಃ ಈ ಅವಧಿಯದು. ಅಮೆರಿಕದ ವಿದೇಶಾಂಗ ಇಲಾಖೆ ಅವರನ್ನು ಸಾಂಸ್ಕೃತಿಕ ಪ್ರತಿನಿಧಿಯಾಗಿ ಪೂರ್ವ ಆಫ್ರಿಕಕ್ಕೆ ಕಳುಹಿಸಿತು, 1979ರಲ್ಲಿ ಸೋವಿಯತ್ ಒಕ್ಕೂಟದಲ್ಲಿ ಆರು ವಾರ ತಿರುಗಿ 44 ಕಛೇರಿ ಮಾಡಿ ಬಂದರು. ಅದೇ ವರ್ಷ ಕಂಟ್ರಿ ಸಂಗೀತದ ತಾರೆ ರಾಯ್ ಕ್ಲಾರ್ಕ್ ಜೊತೆ ‘ಮೇಕಿನ್ ಮ್ಯೂಸಿಕ್’ ಆಲ್ಬಮ್ ಬಂತು, ಕ್ಲಾರ್ಕ್ ನಡೆಸಿಕೊಡುತ್ತಿದ್ದ ‘ಹೀ ಹಾ’ ಟೀವಿ ಕಾರ್ಯಕ್ರಮದಲ್ಲಿ ಅವರು ಕಾಣಿಸಿಕೊಂಡರು. ಬಿಳಿಯರ ಹಳ್ಳಿಹಾಸ್ಯದ ಆ ವೇದಿಕೆಯಲ್ಲಿ ಕೌಬಾಯ್ ಟೋಪಿಯ ಕರಿಯ ಪಿಟೀಲುಗಾರ ನಿಂತ ದೃಶ್ಯ ಅನೇಕರಿಗೆ ವಿಚಿತ್ರವಾಗಿ ಕಂಡಿರಬೇಕು. ಆರೆಂಜಿನಲ್ಲಿ ಅವರ ತಂದೆಯ ವಾದನಕ್ಕೆ ಕುಣಿದವರಿಗೆ ಅದರಲ್ಲಿ ಹೊಸತೇನೂ ಇರುತ್ತಿರಲಿಲ್ಲ.

ಇದಾದ ಮೇಲೆ ಬಂದದ್ದು 1981ರ ‘ಆಲ್ರೈಟ್ ಅಗೇನ್’. ರೌಂಡರ್ ಕಂಪನಿ ಅವರನ್ನು ಮತ್ತೆ ದೊಡ್ಡ ಊದುವಾದ್ಯ ತಂಡದ ಮುಂದೆ ನಿಲ್ಲಿಸಿತು. ಆ ಆಲ್ಬಮ್ಮಿಗೆ ಗ್ರ್ಯಾಮಿ ಪ್ರಶಸ್ತಿ ಬಂತು. ಬ್ಲೂಸಿಗೆಂದೇ ಆಗ ಹೊಸದಾಗಿ ತೆರೆದ ವಿಭಾಗದಲ್ಲಿ ಮೊತ್ತಮೊದಲ ಪ್ರಶಸ್ತಿ ಅದು. ವಿಭಾಗದ ಹೆಸರು ‘ಅತ್ಯುತ್ತಮ ಸಾಂಪ್ರದಾಯಿಕ ಬ್ಲೂಸ್’. ಜೀವಮಾನವೆಲ್ಲ ‘ನಾನು ಬ್ಲೂಸಿನವನಲ್ಲ’ ಎಂದು ಜಗಳವಾಡಿದ ಮನುಷ್ಯನಿಗೆ ಸಿಕ್ಕ ಅತಿ ದೊಡ್ಡ ಮನ್ನಣೆ ಅದೇ ಚೀಟಿ ಅಂಟಿಸಿಕೊಂಡು ಬಂತು!

ಅವರು ಯಾರ ಮೇಲೆ ಪ್ರಭಾವ ಬೀರಿದರು ಎಂಬುದನ್ನು ಚುಟುಕಾಗಿ ಹೇಳುತ್ತೇನೆ. ಹ್ಯೂಸ್ಟನ್ನಿನಲ್ಲಿ ಬೆಳೆದ ಬ್ಲೂಸ್ ಗಿಟಾರ್ ವಾದಕ ಆಲ್ಬರ್ಟ್ ಕಾಲಿನ್ಸ್ ಅವರ ಕುತ್ತಿಗೆಯ ಮೇಲೇರಿ ಕುಳಿತ ಕ್ಯಾಪೋ ಬ್ರೌನ್ ಅವರನ್ನು ನೋಡಿ ಕಲಿತದ್ದು. ಅದೇ ಊರಿನ ಜಾನಿ ‘ಗಿಟಾರ್’ ವಾಟ್ಸನ್ ಅವರಿಗೂ ಬ್ರೌನ್ ಮಾದರಿಯಾಗಿದ್ದರು. ನ್ಯೂ ಆರ್ಲಿಯನ್ಸಿನ ಗಿಟಾರ್ ಸ್ಲಿಮ್ 1950ರಲ್ಲಿ ವೇದಿಕೆಗೆ ಬಂದಾಗ ಅವರನ್ನು ಗೇಟ್‌ಮೌತರ ತದ್ರೂಪು ಎಂದು ಅಲ್ಲಿನ ಪತ್ರಿಕೆ ಬಣ್ಣಿಸಿತ್ತು. ಬ್ಲೂಸಿನ ಗಡಿಯಾಚೆ ರಾಕ್ ಸಂಗೀತಗಾರ ಫ್ರಾಂಕ್ ಜಪ್ಪಾ, ಬ್ರೌನ್ ಅವರನ್ನು ತಮ್ಮ ಮೆಚ್ಚಿನ ಗಿಟಾರ್ ವಾದಕರ ಸಾಲಿನಲ್ಲಿ ಹೆಸರಿಸಿದ್ದಾರೆ. ಈ ಎಲ್ಲರೂ ತೆಗೆದುಕೊಂಡದ್ದು ಗಿಟಾರನ್ನು, ಆ ಗಿಟಾರಿನೊಳಗಿದ್ದ ಪಿಟೀಲನ್ನು ತೆಗೆದುಕೊಂಡವರು ನನಗೆ ಕಂಡಿಲ್ಲ.

ಕೊನೆಯ ವರ್ಷಗಳಲ್ಲಿ ಅವರು ನ್ಯೂ ಆರ್ಲಿಯನ್ಸ್ ಸಮೀಪದ ಸ್ಲೈಡೆಲ್‌ನಲ್ಲಿ ಇದ್ದರು. 2004ರಲ್ಲಿ ಶ್ವಾಸಕೋಶದ ಕ್ಯಾನ್ಸರ್ ಇರುವುದು ಗೊತ್ತಾಯಿತು, ಆದರೂ ಕಛೇರಿಗಳನ್ನು ಕೂಡಲೇ ಬಿಡಲಿಲ್ಲ. 2005ರ ಆಗಸ್ಟ್ ಕೊನೆಯಲ್ಲಿ ಕತ್ರೀನಾ ಚಂಡಮಾರುತ ಬರುವ ಮುನ್ನ ಅವರನ್ನು ಆರೆಂಜಿಗೆ ಕರೆದೊಯ್ದರು; ಸ್ಲೈಡೆಲ್ಲಿನ ಮನೆ ಚಂಡಮಾರುತಕ್ಕೆ ನೆಲಸಮವಾಯಿತು. ಎರಡು ವಾರ ಕಳೆಯುವುದರೊಳಗೆ, ಸೆಪ್ಟೆಂಬರ್ 10ರಂದು, ತಂದೆಯಿಂದ ಪಿಟೀಲು ಕಲಿತ ಅದೇ ಊರಿನಲ್ಲಿ ತೀರಿಕೊಂಡರು. ಆಗ ಅವರಿಗೆ 81 ವರ್ಷ. ಮೂರು ವರ್ಷದ ಮೇಲೆ ಐಕ್ ಚಂಡಮಾರುತದ ನೆರೆ ಆ ಊರಿನ ಸ್ಮಶಾನಕ್ಕೂ ನುಗ್ಗಿ ಅವರ ಸಮಾಧಿಯನ್ನು ಹಾಳುಗೆಡವಿತು. ಆಮೇಲೆ ಅದನ್ನು ಸರಿಪಡಿಸಿದರು.

ಇನ್ನು ನಿಮ್ಮ ಮೂರನೆಯ ಪ್ರಶ್ನೆ. ಆಲ್ಬಮ್‌ಗಳನ್ನು ಬಂದ ವರ್ಷದ ಪ್ರಕಾರ ಕೇಳಬೇಡಿ. ಮೊದಲು ‘ಓಕಿ ಡೋಕಿ ಸ್ಟಾಂಪ್’ ಕೇಳಿ, ಗಿಟಾರ್ ಎಲ್ಲೆಲ್ಲಿ ಬಾಯಿ ಮುಚ್ಚುತ್ತದೆ ಎಂಬುದನ್ನು ಗಮನಿಸಿ. ಆ ಮೇಲೆ ‘ಜಸ್ಟ್ ಬಿಫೋರ್ ಡಾನ್’. ಪೀಕಾಕ್ ಕಾಲದ ಮುದ್ರಣಗಳನ್ನು ರೌಂಡರ್ 1983ರಲ್ಲಿ ಒಟ್ಟು ಮಾಡಿ ಹೊರತಂದಿದೆ. ಅನಂತರ ‘ಡೌನ್ ಸೌತ್ ಇನ್ ಬಯೂ ಕಂಟ್ರಿ’, ಅದಾದ ಮೇಲೆ ‘ಆಲ್ರೈಟ್ ಅಗೇನ್’. ‘ಮೇಕಿನ್ ಮ್ಯೂಸಿಕ್’ ಹಗುರವಾಗಿದೆ, ಬಿಟ್ಟರೂ ನಷ್ಟವಿಲ್ಲ. ಹೆಸರಾಂತ ಅತಿಥಿಗಳನ್ನು ತುಂಬಿದ 1996ರ ‘ಲಾಂಗ್ ವೇ ಹೋಮ್’ ನನಗೆ ಅಷ್ಟು ಹಿಡಿಸಿಲ್ಲ, ಅತಿಥಿಗಳ ನಡುವೆ ಮನೆಯವನೇ ಸ್ವಲ್ಪ ಮರೆಯಾಗುತ್ತಾನೆ. ಅದರ ಬದಲು, ವಾರ್ಡೆಲ್ ಕೆಸರ್ಗ್ ವಾದ್ಯಸಂಯೋಜನೆಗೆ ಕೈಹಾಕಿದ 1997ರ ‘ಗೇಟ್ ಸ್ವಿಂಗ್ಸ್’ ಎತ್ತಿಕೊಳ್ಳಿ. ಅದರಲ್ಲಿ ಎಲಿಂಗ್ಟನ್ ತಂಡದ ಗುರುತಿನ ರಾಗವಾದ ‘ಟೇಕ್ ದ ಎ ಟ್ರೇನ್’ ಇದೆ. ಅದನ್ನು ಕೇಳಿದ ಕೂಡಲೇ ‘ಡೌನ್ ಸೌತ್ ಇನ್ ಬಯೂ ಕಂಟ್ರಿ’ಗೆ ಮರಳಿ ಅಲ್ಲಿನ ಪಿಟೀಲನ್ನು ಹಾಕಿ, ಎರಡರಲ್ಲೂ ಮಾತು ಮುಗಿಸುವ ಕಡೆ ಅವರ ಕೈ ಹೇಗೆ ಚುರುಕಾಗಿ ಮೇಲಕ್ಕೆ ಎತ್ತಿ ಬಿಡುತ್ತದೆ ಎಂದು ಕಿವಿಗೊಟ್ಟು ನೋಡಿ.